ಗಾಜಿನ ತೊಟ್ಟಿಯ ಜಲಸಸ್ಯಗಳಿಗೆ ತಕ್ಕ ದೀಪ ಮತ್ತು ಶೋಧಕ

ಗ್ರಾಮದ ಪಾಠಶಾಲೆ, ವಾಚನಾಲಯ, ಪಂಚಾಯಿತಿಯ ಕಟ್ಟಡ ಮೊದಲಾದ ಸ್ಥಳಗಳಲ್ಲಿಯೂ ಅನುಕೂಲಸ್ಥರಾದ ಜಮೀನುದಾರರ ಮನೆಗಳಲ್ಲಿಯೂ ಗಾಜಿನ ತೊಟ್ಟಿಯೊಂದನ್ನಿಟ್ಟು, ಅದರಲ್ಲಿ ಜಲಸಸ್ಯಗಳನ್ನೂ ಮೀನುಗಳನ್ನೂ ಬೆಳೆಸುವುದುಂಟು. ನೋಟಕ್ಕೆ ಆಹ್ಲಾದಕರವಾದ ಈ ವಸ್ತುವು ಮಕ್ಕಳಿಗೆ ಪ್ರಕೃತಿಪಾಠವನ್ನು ಕಲಿಸುವುದರಲ್ಲಿಯೂ ಬಹಳ ಪ್ರಯೋಜನಕಾರಿಯಾದುದು. ಆದರೆ ಹೀಗೆ ಆರಂಭಿಸಿದ ತೊಟ್ಟಿಗಳಲ್ಲಿ ಹಲವು ಕೆಲವೇ ತಿಂಗಳುಗಳಲ್ಲಿ ಕೆಟ್ಟುಹೋಗುತ್ತವೆ. ನೀರು ಹಸುರಾಗುತ್ತದೆ, ಗಾಜಿಗೆ ಪಾಚಿ ಹಿಡಿಯುತ್ತದೆ, ಗಿಡಗಳ ಎಲೆಗಳು ಕೊಳೆಯುತ್ತವೆ, ಒಂದು ರಾತ್ರಿ ವಿದ್ಯುಚ್ಛಕ್ತಿಯು ನಿಂತುಹೋದರೆ ಬೆಳಗಾಗುವುದರೊಳಗೆ ಮೀನುಗಳು ಸತ್ತು ತೇಲುತ್ತವೆ. ಆ ಮೇಲೆ ತೊಟ್ಟಿಯು ಬರಿದಾಗಿ ಮೂಲೆ ಸೇರುತ್ತದೆ.

ಈ ನಷ್ಟಕ್ಕೆ ಹಣದ ಕೊರತೆಯು ಕಾರಣವೆಂದು ತಿಳಿಯಲಾಗದು. ಅನೇಕ ವೇಳೆ ಅವಶ್ಯಕತೆಗಿಂತ ಪ್ರಬಲವಾದ ದೀಪವನ್ನೂ ಬಲವಾದ ಯಂತ್ರವನ್ನೂ ಕೊಂಡು, ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬುವುದೇ ಇದಕ್ಕೆ ಮೂಲ. ಇಂಗಾಲಾಮ್ಲವಾಯುವನ್ನು ಬೇರೆಯಾಗಿ ಒದಗಿಸದೆ, ಸಾಧಾರಣ ಮಣ್ಣಿನಲ್ಲಿ ಗಿಡ ಬೆಳೆಸುವ ಸರಳವಾದ ತೊಟ್ಟಿಯಲ್ಲಿ ನಿಜವಾದ ಶೋಧಕವು ಗಿಡಗಳೇ ಆಗಿವೆ. ದೀಪವು ಆ ಗಿಡಗಳು ಉಪಯೋಗಿಸಿಕೊಳ್ಳಬಲ್ಲಷ್ಟೇ ಇರತಕ್ಕದ್ದು. ಯಂತ್ರವು ಗಿಡಗಳಿಗೆ ಸಹಾಯಕವಾಗಿರತಕ್ಕದ್ದು. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟರೆ ಅಂಗಡಿಯಲ್ಲಿ ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ಸುಲಭವಾಗಿ ತೀರ್ಮಾನವಾಗುವುದು.

ಪೂರ್ವೇತಿಹಾಸ:— ಗಿಡ ಮತ್ತು ಮೀನುಗಳ ಪರಸ್ಪರ ಉಪಕಾರವನ್ನು ಲಂಡನ್ ನಗರದ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಪ್ರಯೋಗದಿಂದ ತೋರಿಸಿ, 1850ರಲ್ಲಿ ಪ್ರಕಟಪಡಿಸಿದನು. ಆತನು ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಮಣ್ಣು, ಮರಳುಗಳನ್ನು ಹರಡಿ, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಚಿನ್ನದ ಮೀನುಗಳನ್ನು ಬಿಟ್ಟನು. ಮೊದಲು ಕೊಳೆತ ಎಲೆಗಳಿಂದ ನೀರು ಕೆಡಲಾರಂಭಿಸಿತು. ಅನಂತರ ಆ ಎಲೆಗಳನ್ನು ತಿನ್ನುವ ನೀರುಬಸವನಹುಳುಗಳನ್ನು ಬಿಡಲು, ನೀರು ತಿಳಿಯಾಗಿ ನಿಂತಿತು. ಮೂರು ವರ್ಷಗಳ ತರುವಾಯ, 1853ರಲ್ಲಿ, ಲಂಡನ್ನಿನ ಮೃಗೋದ್ಯಾನದಲ್ಲಿ ಸಾರ್ವಜನಿಕರಿಗಾಗಿ ಮೊದಲನೆಯ ಮತ್ಸ್ಯಾಗಾರವು ತೆರೆಯಲ್ಪಟ್ಟಿತು. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬ ಲೇಖಕಿಯು 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದೇ ಮಾರ್ಗವನ್ನು ಈ ಕಾಲದ ಸಸ್ಯಶಾಸ್ತ್ರದ ಆಧಾರದಿಂದ ವಿವರಿಸಿದ ಮೇಲೆ, ಮಣ್ಣು ಹಾಕಿದ ಸರಳ ತೊಟ್ಟಿಗಳು ಅನೇಕ ದೇಶಗಳಲ್ಲಿ ಪುನಃ ಬಳಕೆಗೆ ಬಂದವು.

ತೊಟ್ಟಿಯ ಅಳತೆ:— ಲೆಕ್ಕಕ್ಕೆ ಅನುಕೂಲವಾಗುವಂತೆ 2 ಅಡಿ ಉದ್ದ, 1 ಅಡಿ ಅಗಲ, 1¼ ಅಡಿ ಎತ್ತರದ ತೊಟ್ಟಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ. ಇದರ ಪೂರ್ಣ ಗಾತ್ರವು ಸುಮಾರು 70 ಲೀಟರು. ತಳದ ಮಣ್ಣು, ಮರಳುಗಳಿಗೂ ಮೇಲಿನ ಖಾಲಿ ಸ್ಥಳಕ್ಕೂ ಕಳೆದರೆ ನೀರು ಸುಮಾರು 55 ಲೀಟರು ನಿಲ್ಲುವುದು. ನೀರು, ಮಣ್ಣು, ಗಾಜು ಎಲ್ಲವೂ ಸೇರಿ ತೂಕವು 80 ಕಿಲೋಗ್ರಾಂ ಮೀರುವುದರಿಂದ, ಅಲುಗಾಡದ ಗಟ್ಟಿಯಾದ ಪೀಠವು ಅವಶ್ಯಕ. ಇದಕ್ಕಿಂತ ಚಿಕ್ಕ ತೊಟ್ಟಿಯಲ್ಲಿ ಶಾಖವೂ ನೀರಿನ ಗುಣವೂ ಬೇಗನೆ ಏರುಪೇರಾಗುವುದರಿಂದ, ಹೊಸಬರಿಗೆ ಅದು ಸುಲಭವಲ್ಲ.

ಬೆಳಕು ಏಕೆ ಮಿತವಾಗಿರಬೇಕು:— ಬೆಳೆಗೆ ಬೇಕಾದ ಪದಾರ್ಥಗಳಲ್ಲಿ ಯಾವುದು ಅತ್ಯಂತ ಕೊರತೆಯಾಗಿದೆಯೋ ಆ ಪದಾರ್ಥವೇ ಇಳುವರಿಯ ಮಿತಿಯನ್ನು ಗೊತ್ತುಮಾಡುವುದೆಂಬುದು ವ್ಯವಸಾಯಗಾರರಿಗೆ ಪರಿಚಿತವಾದ ನಿಯಮ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಎಂಬಾತನು 19ನೆಯ ಶತಮಾನದಲ್ಲಿ ಇದನ್ನು ಪ್ರಚಾರಕ್ಕೆ ತಂದನು. ನೀರಿಲ್ಲದ ಹೊಲಕ್ಕೆ ಗೊಬ್ಬರವನ್ನು ಎಷ್ಟು ಸುರಿದರೂ ಫಲವಿಲ್ಲ. ಗಾಜಿನ ತೊಟ್ಟಿಯಲ್ಲಿ ಹೀಗೆ ಕೊರತೆಯಾಗುವುದು ಇಂಗಾಲಾಮ್ಲವಾಯು. ಗಾಳಿಯೊಡನೆ ಸಮತೆಗೆ ಬಂದ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒಂದು ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪವೇ ಹೆಚ್ಚಾಗಿ ಈ ವಾಯುವಿರುವುದು. ಅಲ್ಲದೆ ಇದು ಗಾಳಿಯಲ್ಲಿ ಹರಡುವ ವೇಗಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುವುದು. ಆದುದರಿಂದ ನೀರಿನೊಳಗಿನ ಗಿಡವು ಬೆಳಕಿದ್ದಷ್ಟೂ ಬೆಳೆಯಲಾರದು. ಗಿಡಗಳು ಉಪಯೋಗಿಸದೆ ಬಿಟ್ಟ ಬೆಳಕನ್ನೂ ಸಾರವನ್ನೂ ಪಾಚಿಯು ಕಬಳಿಸುವುದು. ಬೇಸಗೆಯಲ್ಲಿ ಗೊಬ್ಬರದ ನೀರು ಹರಿದು ಬಂದ ಕುಂಟೆಯು ಬಿಸಿಲಿನಲ್ಲಿ ಹಸುರಾಗುವುದೂ ಇದೇ ಕಾರಣದಿಂದ.

ಬಿಸಿಲು:— ತೊಟ್ಟಿಯ ಮೇಲೆ ನೇರವಾದ ಬಿಸಿಲು ಬೀಳಕೂಡದು. ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿನ ಪ್ರಕಾಶವು ಸುಮಾರು 1,00,000 ಲಕ್ಸ್ ಇರುವುದು. ಸರಳ ತೊಟ್ಟಿಯ ಗಿಡಗಳಿಗೆ ಇದರ ಇಪ್ಪತ್ತರಲ್ಲೊಂದು ಪಾಲೂ ಸಾಕಾಗುವುದು. ಬಿಸಿಲಿನಿಂದ ನೀರು ಕಾಯುವುದು ಮತ್ತೊಂದು ದೋಷ. 25 ಡಿಗ್ರಿ ಶಾಖದ ನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕವನ್ನು ಹಿಡಿದಿಡಬಲ್ಲುದು. 35 ಡಿಗ್ರಿಯಲ್ಲಿ ಇದು ಸುಮಾರು 7 ಮಿಲಿಗ್ರಾಮಿಗೆ ಇಳಿಯುವುದು. ಆದುದರಿಂದ ರಾಯಚೂರು, ಕಲಬುರಗಿ ಮೊದಲಾದ ಬಿಸಿಲು ಹೆಚ್ಚಾದ ಜಿಲ್ಲೆಗಳಲ್ಲಿ ತೊಟ್ಟಿಯನ್ನು ಪಶ್ಚಿಮದ ಗೋಡೆಯಿಂದಲೂ ತಗಡಿನ ಮಾಡಿನಿಂದಲೂ ದೂರವಾಗಿ, ತಂಪಾದ ಒಳಕೋಣೆಯಲ್ಲಿಡುವುದು ಲೇಸು.

ದೀಪದ ಆಯ್ಕೆ:— ದೀಪವನ್ನು ಕೊಳ್ಳುವಾಗ ವ್ಯಾಟ್ ಸಂಖ್ಯೆಯನ್ನು ಮಾತ್ರ ನೋಡಿದರೆ ಸಾಲದು. ವ್ಯಾಟ್ ಎಂಬುದು ದೀಪವು ಎಳೆಯುವ ಶಕ್ತಿಯ ಅಳತೆ. ಅದು ಬೀರುವ ಬೆಳಕಿನ ಅಳತೆಯು ಲ್ಯೂಮೆನ್. ಇದು ದೀಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಸರಳ ತೊಟ್ಟಿಗೆ ಒಂದು ಲೀಟರ್ ನೀರಿಗೆ 10ರಿಂದ 20 ಲ್ಯೂಮೆನ್ ಬೆಳಕು ಸಾಕೆಂಬುದು ಸಾಮಾನ್ಯ ಲೆಕ್ಕ. 55 ಲೀಟರಿನ ತೊಟ್ಟಿಗೆ 550ರಿಂದ 1,100 ಲ್ಯೂಮೆನ್ ಆಯಿತು. ಮನೆಯಲ್ಲಿ ಉಪಯೋಗಿಸುವ 9 ವ್ಯಾಟಿನ ಎಲ್‌ಇಡಿ ದೀಪವು ಸಾಮಾನ್ಯವಾಗಿ 900 ಲ್ಯೂಮೆನ್‌ಗಳಷ್ಟು ಬೆಳಕನ್ನು ಕೊಡುವುದರಿಂದ, ಅಂತಹ ಒಂದೇ ದೀಪವು ಯಥೇಷ್ಟವಾಯಿತು. ಎರಡು ಅಡಿಯ ಪಟ್ಟಿಯಾಕಾರದ ದೀಪವಾದರೆ ಬೆಳಕು ಉದ್ದಕ್ಕೂ ಸಮನಾಗಿ ಹರಡುವುದು. ಬಣ್ಣವು ಹಗಲಿನ ಬಿಳುಪನ್ನು ಹೋಲುವ, 6500 ಕೆಲ್ವಿನ್ ಎಂದು ಗುರುತಿಸಿದುದು ಉತ್ತಮ. ಕೆಂಪು, ನೀಲಿ ಬಣ್ಣಗಳನ್ನು ಬದಲಾಯಿಸುವ ಅಲಂಕಾರದ ದೀಪಗಳಿಗೆ ಹೆಚ್ಚು ಹಣವನ್ನು ಕೊಡಬೇಕಾದುದಿಲ್ಲ.

ದೀಪವನ್ನು ನೀರಿನ ಮಟ್ಟಕ್ಕಿಂತ 6ರಿಂದ 8 ಅಂಗುಲ ಎತ್ತರದಲ್ಲಿ ತೂಗುಹಾಕಿ, ಮುಂದೆ ಮೇಲಕ್ಕೂ ಕೆಳಕ್ಕೂ ಸರಿಸಲು ಅನುಕೂಲವಿರುವಂತೆ ಮಾಡತಕ್ಕದ್ದು. ಅದು ನೀರಿಗೆ ಬೀಳದಂತೆ ಭದ್ರವಾದ ಕಟ್ಟು ಅವಶ್ಯಕ. ತಂತಿಯು ಸ್ವಿಚ್ಚಿನ ಮಟ್ಟಕ್ಕಿಂತ ಕೆಳಕ್ಕೆ ಜೋತು, ಅನಂತರ ಮೇಲಕ್ಕೆ ಹೋಗುವಂತಿದ್ದರೆ, ತಂತಿಯ ಮೇಲೆ ಹರಿದ ನೀರಿನ ಹನಿಯು ಸ್ವಿಚ್ಚನ್ನು ಸೇರದೆ ಕೆಳಗೆ ಬಿದ್ದುಹೋಗುವುದು. ತೊಟ್ಟಿಯೊಳಗೆ ಕೈಯಿಡುವ ಮುಂಚೆ ವಿದ್ಯುಚ್ಛಕ್ತಿಯನ್ನು ನಿಲ್ಲಿಸತಕ್ಕದ್ದು; ಮಕ್ಕಳಿರುವ ಪಾಠಶಾಲೆಯಲ್ಲಿ ಈ ವಿಷಯದಲ್ಲಿ ಉದಾಸೀನವು ಸಲ್ಲದು.

ದೀಪ ಉರಿಸುವ ಕಾಲ:— ಮೊದಲ ತಿಂಗಳು ದಿನಕ್ಕೆ 6 ಗಂಟೆಗಳು ಸಾಕು. ಗಿಡಗಳು ಬೇರೂರಿದ ಮೇಲೆ 8 ಗಂಟೆಗೆ ಏರಿಸಬಹುದು. ಇದನ್ನು ಒಂದೇ ಸಮನೆ ಉರಿಸುವುದಕ್ಕಿಂತ, ಬೆಳಗ್ಗೆ 8ರಿಂದ 12ರ ವರೆಗೆ, ಸಂಜೆ 4ರಿಂದ 8ರ ವರೆಗೆ ಎಂದು ಎರಡು ಹೊತ್ತಾಗಿ ಹಂಚುವುದು ಮೇಲು. ನಡುವಿನ ನಾಲ್ಕು ಗಂಟೆಗಳಲ್ಲಿ ಮಣ್ಣಿನ ಸೂಕ್ಷ್ಮಾಣುಗಳೂ ಮೀನುಗಳೂ ಹೊರಬಿಡುವ ಇಂಗಾಲಾಮ್ಲವಾಯುವು ನೀರಿನಲ್ಲಿ ಪುನಃ ಕೂಡಿಕೊಳ್ಳುವುದು. ಸಂಜೆಯ ಬೆಳಕಿನಲ್ಲಿ ಗಿಡಗಳು ಅದನ್ನು ಉಪಯೋಗಿಸುವುವು. ವೇಳೆಗೆ ಸರಿಯಾಗಿ ತಾನೇ ಹತ್ತಿ ಆರುವ ಸ್ವಿಚ್ಚನ್ನು ಅಳವಡಿಸಿದರೆ, ರಜಾದಿನಗಳಲ್ಲಿಯೂ ಕ್ರಮವು ತಪ್ಪದು.

ತೊಟ್ಟಿಯೇ ತನ್ನ ಅವಶ್ಯಕತೆಯನ್ನು ತಿಳಿಸುವುದು. ಒರಸಿದ ಗಾಜಿಗೆ ಎರಡು ಮೂರು ದಿನಗಳಲ್ಲಿಯೇ ಪಾಚಿ ಹಿಡಿದರೆ, ದೀಪದ ಕಾಲವನ್ನು ಒಂದು ಗಂಟೆ ತಗ್ಗಿಸಬೇಕು, ಇಲ್ಲವೆ ದೀಪವನ್ನು ಎರಡು ಅಂಗುಲ ಎತ್ತರಿಸಬೇಕು. ಗಿಡಗಳು ಬಿಳಿಚಿಕೊಂಡು, ಗಿಣ್ಣು ಗಿಣ್ಣಿನ ಅಂತರವು ಹೆಚ್ಚಾಗಿ, ಸೊರಗಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದೆಂದು ತಿಳಿದು, ಒಂದು ಗಂಟೆ ಹೆಚ್ಚಿಸಬೇಕು. ಒಂದು ವೇಳೆಗೆ ಒಂದೇ ಬದಲಾವಣೆಯನ್ನು ಮಾಡಿ, ಎರಡು ವಾರ ಕಾದು ನೋಡತಕ್ಕದ್ದು. ಎರಡು ಮೂರು ಬದಲಾವಣೆಗಳನ್ನು ಕೂಡಿಯೇ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋಗುವುದು.

ಶೋಧಕದ ಕೆಲಸ:— ಶೋಧಕವೆಂದರೆ ನೀರಿನ ಕಸವನ್ನು ಸೋಸುವ ಬಟ್ಟೆಯಂತಹ ಸಾಧನವೆಂದು ಹಲವರ ಭಾವನೆ. ಕಸವನ್ನು ಸೋಸುವುದು ಅದರ ಅಲ್ಪ ಕೆಲಸ. ಮೀನುಗಳು ಕಿವಿರುಗಳ ಮೂಲಕವೂ ಮಲದ ಮೂಲಕವೂ ಬಿಡುವ ಅಮೋನಿಯವು ಅವುಗಳಿಗೇ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಇದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯ ದೇಶದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿನಲ್ಲಿ ಇಂತಹ ಸೂಕ್ಷ್ಮಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ಹೊಲಕ್ಕೆ ಹಾಕಿದ ಸಗಣಿಗೊಬ್ಬರವೂ ಯೂರಿಯವೂ ನೈಟ್ರೇಟ್ ಆಗಿ ಮಾರ್ಪಡುವುದು ಇದೇ ಬಗೆಯ ಸೂಕ್ಷ್ಮಾಣುಗಳಿಂದ. ಶೋಧಕದ ಮುಖ್ಯ ಕೆಲಸವು ಈ ಸೂಕ್ಷ್ಮಾಣುಗಳಿಗೆ ನೆಲೆಯನ್ನೂ ಆಮ್ಲಜನಕವನ್ನೂ ಒದಗಿಸುವುದು. ನೀರನ್ನು ಮೆಲ್ಲಗೆ ಚಲಿಸುವಂತೆ ಮಾಡಿ ಗಿಡಗಳಿಗೆ ಸಾರವನ್ನು ಮುಟ್ಟಿಸುವುದು ಎರಡನೆಯ ಕೆಲಸ.

ಗಿಡಗಳಿಂದ ತುಂಬಿದ ತೊಟ್ಟಿಯಲ್ಲಿ ಅಮೋನಿಯದ ಹೆಚ್ಚಿನ ಭಾಗವನ್ನು ಗಿಡಗಳೇ ಹೀರಿಕೊಳ್ಳುತ್ತವೆ. ಅನೇಕ ಜಲಸಸ್ಯಗಳು ನೈಟ್ರೇಟಿಗಿಂತಲೂ ಅಮೋನಿಯದ ರೂಪದ ಸಾರಜನಕವನ್ನೇ ಮೊದಲು ತೆಗೆದುಕೊಳ್ಳುವುವು. ಹೀಗೆ ವಿಷವು ಎಲೆಯಾಗುವುದು. ಹೆಚ್ಚಾದ ಎಲೆಯನ್ನು ಕತ್ತರಿಸಿ ಹೊರಗೆ ತೆಗೆದರೆ ಆ ವಿಷವು ತೊಟ್ಟಿಯಿಂದಲೇ ಹೊರಗಾಯಿತು. ಬಯಲುಸೀಮೆಯವರಿಗೆ ಇದು ವಿಶೇಷ ಮಹತ್ತ್ವದ ಸಂಗತಿ. ಏಕೆಂದರೆ ಅಮೋನಿಯದ ವಿಷಶಕ್ತಿಯು ನೀರಿನ ಕ್ಷಾರಗುಣವನ್ನು ಅನುಸರಿಸಿ ಏರುವುದು. ಪಿ.ಎಚ್. 7 ಇರುವ ನೀರಿನಲ್ಲಿ ಒಟ್ಟು ಅಮೋನಿಯದ ನೂರರಲ್ಲಿ ಒಂದು ಪಾಲಿಗಿಂತ ಕಡಮೆ ಭಾಗವು ವಿಷರೂಪದಲ್ಲಿದ್ದರೆ, ಪಿ.ಎಚ್. 8 ಇರುವ ನೀರಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಹಾಗಿರುವುದು. ಗಡಸಾದ ಕೊಳವೆಬಾವಿಯ ನೀರು ಅನೇಕ ಕಡೆ ಕ್ಷಾರವಾಗಿರುವುದರಿಂದ, ಅಲ್ಲಿ ಮೀನುಗಳ ಸಂಖ್ಯೆಯು ಕಡಮೆಯೂ ಗಿಡಗಳ ಸಂಖ್ಯೆಯು ಹೆಚ್ಚೂ ಆಗಿರತಕ್ಕದ್ದು.

ಶೋಧಕದ ಬಗೆಗಳು:— ಅಂಗಡಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯವು ದೊರೆಯುತ್ತವೆ. (1) ಸ್ಪಂಜಿನ ಶೋಧಕ: ಚಿಕ್ಕ ಗಾಳಿಯಂತ್ರವೊಂದು ಕೊಳವೆಯ ಮೂಲಕ ಗುಳ್ಳೆಗಳನ್ನು ಬಿಟ್ಟಾಗ, ನೀರು ಸ್ಪಂಜಿನ ಮೂಲಕ ಮೆಲ್ಲಗೆ ಹಾದುಹೋಗುವುದು. (2) ಮರಳಿನಡಿಯ ಶೋಧಕ: ತಳದಲ್ಲಿ ತೂತುಗಳ ಹಲಗೆಯನ್ನಿಟ್ಟು ನೀರನ್ನು ಮರಳಿನ ಮೂಲಕ ಕೆಳಕ್ಕೆಳೆಯುವುದು. ಮಣ್ಣು ಹಾಕಿದ ತೊಟ್ಟಿಗೆ ಇದು ಸರ್ವಥಾ ಯೋಗ್ಯವಲ್ಲ. ಮಣ್ಣು ಸೋರಿಹೋಗುವುದು, ಬೇರುಗಳು ತೂತುಗಳನ್ನು ಮುಚ್ಚುವುವು. (3) ಅಂಚಿಗೆ ತೂಗುಹಾಕುವ ಶೋಧಕ: ಒಳ್ಳೆಯದೇ, ಆದರೆ ನೀರು ಎತ್ತರದಿಂದ ರಭಸವಾಗಿ ಬೀಳುವಂತಿದ್ದರೆ ಮಣ್ಣಿನಿಂದ ಬಂದ ಇಂಗಾಲಾಮ್ಲವಾಯುವು ಹಾರಿಹೋಗುವುದು. ನೀರಿನ ಮಟ್ಟವನ್ನು ಅದರ ತುಟಿಯವರೆಗೂ ಏರಿಸಿದರೆ ಈ ದೋಷವು ತಗ್ಗುವುದು. (4) ಮುಚ್ಚಿದ ಡಬ್ಬಿಯ ಶೋಧಕ: ದೊಡ್ಡ ತೊಟ್ಟಿಗಳಿಗೆ ಉಪಯುಕ್ತ, ಬೆಲೆಯೂ ಹೆಚ್ಚು, ವಿದ್ಯುಚ್ಛಕ್ತಿ ನಿಂತಾಗ ಅಪಾಯವೂ ಹೆಚ್ಚು.

ಇವುಗಳಲ್ಲಿ ಗ್ರಾಮದ ತೊಟ್ಟಿಗೆ ಸ್ಪಂಜಿನ ಶೋಧಕವೇ ತಕ್ಕುದು. ಯಂತ್ರದ ಮೂಲಕ ಒಂದು ಗಂಟೆಯಲ್ಲಿ ಹಾದುಹೋಗುವ ನೀರು ತೊಟ್ಟಿಯ ನೀರಿನ ಎರಡರಿಂದ ನಾಲ್ಕರಷ್ಟಿದ್ದರೆ ಸಾಕು. ಅಂದರೆ ಈ ತೊಟ್ಟಿಗೆ 110ರಿಂದ 220 ಲೀಟರು. ಗಿಡಗಳ ಎಲೆಗಳು ಮೆಲ್ಲಗೆ ತೂಗುವುದೇ ಸರಿಯಾದ ಗುರುತು. ಮಲಗಿದಂತೆ ಬಾಗಿದರೆ ಓಟವು ಹೆಚ್ಚಾಯಿತು. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯತಕ್ಕದ್ದು. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇದ್ದರೆ ಉಪಕಾರಿಗಳಾದ ಸೂಕ್ಷ್ಮಾಣುಗಳು ನಾಶವಾಗುವುವು. ಸಾಬೂನನ್ನು ತೊಟ್ಟಿಯ ಬಳಿಗೂ ತರಕೂಡದು.

ವಿದ್ಯುಚ್ಛಕ್ತಿ ನಿಂತಾಗ:— ಗ್ರಾಮಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾಗಿ ಯೋಚಿಸಬೇಕಾದ ವಿಷಯ. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಕೆಲವು ಗಂಟೆಗಳಲ್ಲಿ ಆಮ್ಲಜನಕವು ಮುಗಿದು ಸೂಕ್ಷ್ಮಾಣುಗಳು ಸಾಯಲಾರಂಭಿಸುವುವು. ಶಕ್ತಿಯು ಮರಳಿ ಬಂದೊಡನೆ ಆ ಕೆಟ್ಟ ನೀರು ತೊಟ್ಟಿಗೆ ನುಗ್ಗುವುದು. ಸ್ಪಂಜು ತೊಟ್ಟಿಯೊಳಗೇ ತೆರೆದಿರುವುದರಿಂದ ಈ ಅಪಾಯವು ಅಲ್ಪ. ಗಾಳಿಯಂತ್ರವನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಬೇಕು, ಇಲ್ಲವೆ ಕೊಳವೆಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಹಾಕಬೇಕು. ಹಾಗಲ್ಲದಿದ್ದರೆ ಯಂತ್ರವು ನಿಂತಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಯಂತ್ರವನ್ನು ಕೆಡಿಸುವುದು.

ರಾತ್ರಿಯಲ್ಲಿ ಗಿಡಗಳೂ ಮೀನುಗಳಂತೆಯೇ ಆಮ್ಲಜನಕವನ್ನು ವ್ಯಯಮಾಡುತ್ತವೆ. ಸಸ್ಯಗಳಿಂದ ತುಂಬಿದ ಕುಂಟೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಈ ಕಾರಣದಿಂದಲೇ. ಆದುದರಿಂದ ಗಾಳಿಯಂತ್ರವನ್ನು ಹಗಲಿರುಳೂ ನಡೆಸುವುದು ಉತ್ತಮ. ಶಕ್ತಿಯ ಕೊರತೆಯಿದ್ದಲ್ಲಿ ರಾತ್ರಿಯ ಹೊತ್ತು ಅದನ್ನು ತಪ್ಪಿಸಲೇ ಕೂಡದು. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಯಂತ್ರವೊಂದನ್ನು ಸಿದ್ಧವಾಗಿಟ್ಟಿದ್ದರೆ ಒಳ್ಳೆಯದು. ಅದೂ ಇಲ್ಲದಾಗ, ತೊಟ್ಟಿಯ ನೀರನ್ನೇ ಚೆಂಬಿನಲ್ಲಿ ತೆಗೆದು ಎತ್ತರದಿಂದ ಸುರಿಯುತ್ತಿದ್ದರೆ ಮೀನುಗಳು ಬದುಕಿಕೊಳ್ಳುವುವು. ಅಂತಹ ಹೊತ್ತಿನಲ್ಲಿ ಆಹಾರವನ್ನು ಹಾಕಬಾರದು. ಗಿಡ ಹೆಚ್ಚು, ಮೀನು ಕಡಮೆ ಇರುವ ತೊಟ್ಟಿಯು ಒಂದು ದಿನದ ಕತ್ತಲೆಯನ್ನು ಸಹಿಸಬಲ್ಲುದು. ಮೀನುಗಳಿಂದ ಕಿಕ್ಕಿರಿದು ಯಂತ್ರವನ್ನೇ ನೆಚ್ಚಿದ ತೊಟ್ಟಿಗೆ ಕೆಲವು ಗಂಟೆಗಳೂ ಕಷ್ಟ.

ಮಣ್ಣು ಮತ್ತು ಗಿಡಗಳು:— ತಳದಲ್ಲಿ ಒಂದು ಅಂಗುಲ ಸಾಧಾರಣ ಕೆಂಪು ಮಣ್ಣನ್ನು ಜರಡಿ ಹಿಡಿದು ಹರಡಿ, ಅದರ ಮೇಲೆ ಒಂದು ಅಂಗುಲ ತೊಳೆದ ದಪ್ಪ ಮರಳನ್ನು ಹಾಕತಕ್ಕದ್ದು. ಹಸಿ ಗೊಬ್ಬರ, ರಾಸಾಯನಿಕ ಗೊಬ್ಬರ, ಕ್ರಿಮಿನಾಶಕ ಬಿದ್ದ ಹೊಲದ ಮಣ್ಣು ಸರ್ವಥಾ ಕೂಡದು. ಎರೆಮಣ್ಣು ಉಬ್ಬಿ ನೀರನ್ನು ಕದಡುವುದರಿಂದ ಅನುಕೂಲವಲ್ಲ. ಗಡಸು ನೀರಿಗೆ ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಸೆರಟೊಫಿಲ್ಲಮ್ ಎಂಬ ಗಿಡಗಳು ಶ್ರೇಷ್ಠ. ಇವು ನಮ್ಮ ಕೆರೆಕಾಲುವೆಗಳಲ್ಲಿ ತಾವಾಗಿಯೇ ಬೆಳೆಯುವಂತಹವು. ಅಲ್ಲದೆ ಇಂಗಾಲಾಮ್ಲವಾಯು ಸಾಲದಾದಾಗ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟಿನಿಂದಲೂ ಇಂಗಾಲವನ್ನು ತೆಗೆದುಕೊಳ್ಳಬಲ್ಲವು. ಮಲೆನಾಡಿನ ಮೃದುವಾದ ನೀರಿಗೆ, ಮಂದ ಬೆಳಕಿನಲ್ಲಿ ಮೆಲ್ಲಗೆ ಬೆಳೆಯುವ ಕ್ರಿಪ್ಟೊಕೊರೈನ್ ಜಾತಿಯವು ಒಪ್ಪುವುವು. ಮೊದಲನೆಯ ದಿನವೇ ತಳದ ಮುಕ್ಕಾಲು ಭಾಗಕ್ಕೆ ಗಿಡಗಳನ್ನು ನೆಡಬೇಕು. ಎಡೆ ಬಿಟ್ಟು ನೆಟ್ಟ ತೊಟ್ಟಿಯಲ್ಲಿ ಮೊದಲು ಬೆಳೆಯುವುದು ಪಾಚಿ. ಕೆರೆಯಿಂದ ತಂದ ಗಿಡಗಳನ್ನು ಕೆಲವು ದಿನ ಬೇರೆ ನೀರಿನಲ್ಲಿಟ್ಟು ತೊಳೆದರೆ ಜಿಗಣೆ, ಕೊಡತಿಹುಳುವಿನ ಮರಿ ಮೊದಲಾದುವು ಬರುವುದಿಲ್ಲ.

ಮೀನುಗಳನ್ನು ಮೂರು ನಾಲ್ಕು ವಾರಗಳಾದ ಮೇಲೆ, ಒಂದು ಸಲಕ್ಕೆ ಮೂರು ನಾಲ್ಕರಂತೆ ಬಿಡತಕ್ಕದ್ದು. ಎರಡು ಅಂಗುಲ ಮೀರದ ಜಾತಿಯ ಹತ್ತು ಮೀನುಗಳು ಈ ತೊಟ್ಟಿಗೆ ಸಾಕು. ದಿನಕ್ಕೊಮ್ಮೆ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ ಹಾಕಬೇಕು. ವಾರಕ್ಕೊಮ್ಮೆ ನೀರಿನ ಐದನೆಯ ಒಂದು ಪಾಲನ್ನು ಬದಲಾಯಿಸಿ, ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟ ನೀರನ್ನು ತುಂಬುವುದು ಕ್ರಮ.

ಖರ್ಚು:— 9 ವ್ಯಾಟಿನ ದೀಪವು ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 2 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚಾಗುವುದು. 3 ವ್ಯಾಟಿನ ಗಾಳಿಯಂತ್ರವು ಹಗಲಿರುಳೂ ನಡೆದರೆ ಮತ್ತೆ 2 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಎರಡೂ ಸೇರಿ ತಿಂಗಳಿಗೆ 5 ಯೂನಿಟ್ ಮೀರುವುದಿಲ್ಲ. ಇದು ಯಾವ ಪಾಠಶಾಲೆಗೂ ಹೊರೆಯಾಗತಕ್ಕುದಲ್ಲ.

ಎಚ್ಚರಿಕೆ:— ತೊಟ್ಟಿಯಿಂದ ಕತ್ತರಿಸಿ ತೆಗೆದ ಗಿಡಗಳನ್ನೂ ಬೇಡವಾದ ಮೀನುಗಳನ್ನೂ ಕೆರೆ, ಕಾಲುವೆ, ಬಾವಿಗಳಿಗೆ ಎಂದಿಗೂ ಬಿಡಕೂಡದು. ಅಲಂಕಾರಕ್ಕಾಗಿ ಪರದೇಶದಿಂದ ತಂದ ನೀರುಹಯಸಿಂತ್ ಗಿಡವು ನಮ್ಮ ಕೆರೆಗಳನ್ನು ಮುಚ್ಚಿದುದು ಎಲ್ಲರಿಗೂ ತಿಳಿದ ವಿಷಯ. ತೊಟ್ಟಿಯ ಪಾಚಿಯನ್ನು ತಿನ್ನಲೆಂದು ದಕ್ಷಿಣ ಅಮೆರಿಕದಿಂದ ಬಂದ ಹೀರುಬಾಯಿಯ ಮೀನು ಭಾರತದ ಅನೇಕ ಜಲಾಶಯಗಳಲ್ಲಿ ಹಬ್ಬಿ, ಬಲೆಗಳನ್ನು ಹರಿದು, ಬೆಸ್ತರಿಗೆ ನಷ್ಟವನ್ನುಂಟುಮಾಡುತ್ತಿದೆ. ಕತ್ತರಿಸಿದ ಗಿಡಗಳು ಗೊಬ್ಬರದ ಗುಂಡಿಗೆ ಒಳ್ಳೆಯ ಪದಾರ್ಥ. ಕೆರೆಯ ಯೋಗಕ್ಷೇಮವು ಗ್ರಾಮದ ಮುಖಂಡರ ಹೊಣೆಯಾದುದರಿಂದ, ಈ ಅಂಶವನ್ನು ಅವರು ತಮ್ಮ ಗ್ರಾಮದ ಜನರಿಗೆ ತಿಳಿಯಪಡಿಸುವುದು ಯುಕ್ತ.

ಮುಖ್ಯಾಂಶಗಳು:—
1. ತೊಟ್ಟಿಯನ್ನು ನೇರ ಬಿಸಿಲು ಬೀಳದ, ತಂಪಾದ ಸ್ಥಳದಲ್ಲಿಡುವುದು.
2. ಲೀಟರಿಗೆ 10ರಿಂದ 20 ಲ್ಯೂಮೆನ್ ಲೆಕ್ಕದಲ್ಲಿ ಒಂದೇ ಬಿಳಿಯ ದೀಪವನ್ನು ಕೊಳ್ಳುವುದು. ಮೊದಲು 6 ಗಂಟೆ, ಅನಂತರ 8 ಗಂಟೆ ಉರಿಸುವುದು.
3. ಸ್ಪಂಜಿನ ಶೋಧಕವನ್ನೇ ಆರಿಸಿ, ತೊಟ್ಟಿಯ ನೀರಿನಲ್ಲಿಯೇ ತೊಳೆಯುವುದು.
4. ಮೊದಲ ದಿನವೇ ಗಿಡಗಳನ್ನು ಒತ್ತಾಗಿ ನೆಡುವುದು. ಮೀನುಗಳನ್ನು ತಡವಾಗಿಯೂ ಮಿತವಾಗಿಯೂ ಬಿಡುವುದು.
5. ಗಾಳಿಯಂತ್ರವನ್ನು ರಾತ್ರಿಯಲ್ಲಿ ನಿಲ್ಲಿಸದಿರುವುದು.
6. ತೊಟ್ಟಿಯ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ ಬಿಡದಿರುವುದು.